ಕಂಬಳಿ ಹೊದ್ದ ಪ್ರೊಜೆಕ್ಟರಿನ ಪರವಾಗಿ

ಮಾನ್ಯ ಉಪಕರಣ ಮಂಜೂರಾತಿ ಅಧಿಕಾರಿಗಳೇ,

ನಮ್ಮ ಹಟ್ಟಿಯ ಪ್ರಾಥಮಿಕ ಶಾಲೆಗೂ ಚಹಾ ಬೆಳೆಯುವ ಹೆಂಗಸರ ಸಂಘಕ್ಕೂ ಸೇರಿ ನಾವು ಆರಿಸಿಕೊಂಡ ಪ್ರೊಜೆಕ್ಟರನ್ನು ನೀವು ‘ಸೂಕ್ತವಲ್ಲ’ ಎಂಬ ಒಂದೇ ಪದದಲ್ಲಿ ತಳ್ಳಿಹಾಕಿದ್ದೀರಿ. ಪ್ರದರ್ಶನದ ದಿನ ಅದು ಹನ್ನೊಂದನೇ ನಿಮಿಷಕ್ಕೆ ನಿಂತುಹೋಯಿತು ಎಂಬುದು ನಿಮ್ಮ ಕಾರಣ. ನಿಂತದ್ದು ನಿಜ. ಯಾಕೆ ನಿಂತಿತು ಎಂದು ನೀವು ಕೇಳಲಿಲ್ಲ, ನಾವು ಹೇಳಲಿಲ್ಲ. ಈಗ ನಿಮ್ಮ ಪಟ್ಟಿಯಲ್ಲಿರುವ ದೊಡ್ಡ ಯಂತ್ರವನ್ನೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಯೋಜನೆಯ ಹಣ ಹಿಂದಕ್ಕೆ ಹೋಗುತ್ತದೆ ಎಂದು ಪತ್ರ ಬಂದಿದೆ. ಪರೀಕ್ಷೆಗೆಂದು ಅಂಗಡಿಯವರು ಕೊಟ್ಟ ನಮ್ಮ ಯಂತ್ರವನ್ನು ಈ ತಿಂಗಳ ಕೊನೆಯ ದಿನ ವಾಪಸು ಕೊಡಬೇಕು. ಮುಂದಿನ ತಿಂಗಳ ನಾಲ್ಕನೇ ತಾರೀಕು ಮಧ್ಯಾಹ್ನ ಹನ್ನೆರಡಕ್ಕೆ ಕೊಯಮತ್ತೂರಿನ ಹೋಟೆಲಿನವರು ನಮ್ಮ ಸಂಘದ ಚಹಾ ನೋಡಲು ಬರುತ್ತಾರೆ. ಅವರಿಗೆ ನಾವು ಗೋಡೆಯ ಮೇಲೆ ಏನನ್ನು ತೋರಿಸಬೇಕು? ನಿಮ್ಮ ಪತ್ರವನ್ನೇ?

ಈ ಪತ್ರ ಕನ್ನಡದಲ್ಲಿ ಯಾಕೆ ಎಂದು ನೀವು ಕೇಳಬಹುದು. ನಾನು ಕಲಿತದ್ದು ಐದನೇ ತರಗತಿಯವರೆಗೆ, ಅದೂ ಗುಂಡ್ಲುಪೇಟೆಯಲ್ಲಿ. ಅಪ್ಪ ಅಲ್ಲಿನ ತರಕಾರಿ ಮಂಡಿಯಲ್ಲಿ ಕೆಲಸಕ್ಕಿದ್ದರು. ಆಮೇಲೆ ಗಡಿಯಾಚೆಯ ಬೆಟ್ಟದ ಮೇಲೆ, ಕೂಕಲ್ತೊರೈ ಪಕ್ಕದ ನಮ್ಮ ಹಟ್ಟಿಗೆ ಮರಳಿದೆವು. ಇಲ್ಲಿ ಆರನೇ ತರಗತಿಯ ಮೊದಲ ದಿನ ಎದ್ದು ನಿಂತು ತಮಿಳು ಪಾಠ ಓದು ಎಂದರು. ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನಲವತ್ತು ಜನ ನನ್ನನ್ನೇ ನೋಡಿದರು. ಮರುದಿನ ನಾನು ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಅಂದಿನಿಂದ ಎಲೆ ಕೀಳುತ್ತೇನೆ, ಬಿಡುವಿನಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ನಿಮ್ಮ ಕಚೇರಿಗೆ ತಮಿಳು ಅಥವಾ ಇಂಗ್ಲಿಷ್ ಅರ್ಜಿ ಮಾತ್ರ ಆಗುತ್ತದಂತೆ. ಆದರೆ ನೀವು ಚಾಮರಾಜನಗರದ ಕಡೆಯವರು, ದಿನವೂ ಜೀಪಿನಲ್ಲಿ ಕನ್ನಡ ಪತ್ರಿಕೆ ಓದುತ್ತೀರಿ ಎಂದು ನಿಮ್ಮ ಚಾಲಕರೇ ಹೇಳಿದರು. ಹಾಗಾಗಿ ನಿಮ್ಮ ಮೇಜನ್ನು ತಲುಪದ ಪತ್ರ ನಿಮ್ಮ ಜೀಪನ್ನಾದರೂ ತಲುಪಲಿ ಎಂದು ಆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಪಟ್ಟಿಯ ಯಂತ್ರದ ಮಾತು. ಅದರ ಬಗ್ಗೆ ನನಗೆ ದ್ವೇಷವಿಲ್ಲ. ಒಂಬತ್ತು ಕಿಲೋ ತೂಗುತ್ತದೆ, ಸೂರಿಗೆ ನೇತುಹಾಕಬೇಕು, ಐನೂರು ಜನ ಕೂರುವ ಸಭಾಂಗಣವನ್ನು ಬೆಳಗುತ್ತದೆ ಎಂದು ಕಾಗದದಲ್ಲಿದೆ. ನಮ್ಮ ಶಾಲೆಯಲ್ಲಿ ಇಪ್ಪತ್ತಮೂರು ಮಕ್ಕಳಿದ್ದಾರೆ. ಸೂರು ತಗಡಿನದು, ಅದನ್ನು ಹೊತ್ತಿರುವ ಮರದ ತೊಲೆಗೆ ನನ್ನ ಅಜ್ಜನ ವಯಸ್ಸು. ಆ ತಗಡಿನ ಮೇಲೆ ಕೋತಿಗಳು ಓಡಿದಾಗಲೇ ಭುವನಾ ಟೀಚರ್ ಪಾಠ ನಿಲ್ಲಿಸಿ ಮೇಲೆ ನೋಡುತ್ತಾರೆ. ಅಲ್ಲಿ ಒಂಬತ್ತು ಕಿಲೋ ಕಟ್ಟಿದರೆ ಮಕ್ಕಳು ಪಾಠ ನೋಡುವರೇ, ಸೂರು ನೋಡುವರೇ? ಇನ್ನು, ಒಮ್ಮೆ ಕಟ್ಟಿದ್ದನ್ನು ಮತ್ತೆ ಬಿಚ್ಚುವಂತಿಲ್ಲ. ಗುರುವಾರ ಮಧ್ಯಾಹ್ನ ಸಂಘದ ಹೆಂಗಸರು ಎಲೆ ತೂಗುವ ಕೊಟ್ಟಿಗೆಯಲ್ಲಿ ಸೇರುತ್ತಾರೆ. ಅಲ್ಲಿಗೆ ಶಾಲೆಯ ಸೂರನ್ನೇ ಹೊತ್ತು ತರಬೇಕೇನೋ.

ಕರೆಂಟಿನ ವಿಷಯವೂ ಇದೆ. ಕೆಳಗಿನ ಚಹಾ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವ ಫ್ಯಾನುಗಳನ್ನು ಹಾಕಿದ ಕೂಡಲೇ ನಮ್ಮ ಬಲ್ಬುಗಳು ಕಿತ್ತಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತವೆ. ದಿನಕ್ಕೆ ಮೂರು ನಾಲ್ಕು ಸಲ ಕರೆಂಟ್ ಹೋಗುತ್ತದೆ. ನಿಮ್ಮ ಪಟ್ಟಿಯ ಯಂತ್ರದೊಳಗೆ ದೊಡ್ಡ ದೀಪವಿದೆ. ಆರಿಸಿದ ಮೇಲೂ ಅದರ ಫ್ಯಾನ್ ಸ್ವಲ್ಪ ಹೊತ್ತು ತಿರುಗಿ ದೀಪ ತಣಿಯಬೇಕು, ಇಲ್ಲದಿದ್ದರೆ ದೀಪದ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅದರ ಪುಸ್ತಕದಲ್ಲೇ ಇದೆಯಂತೆ. ಟೀಚರ್ ಓದಿ ಹೇಳಿದರು. ನಮ್ಮ ಊರಿನ ಕರೆಂಟಿಗೆ ಆ ಪುಸ್ತಕವನ್ನು ಯಾರು ಓದಿ ಹೇಳುತ್ತಾರೆ? ನಾವು ಆರಿಸಿದ್ದರಲ್ಲಿ ಇರುವುದು ಎಲ್‌ಇಡಿ. ಕರೆಂಟ್ ಹೋದರೆ ಹೋಯಿತು, ಬಂದರೆ ಬಂತು. ಎರಡು ಕಿಲೋ ಚಿಲ್ಲರೆ ತೂಕ, ಎಲೆಬುಟ್ಟಿಯಲ್ಲಿ ಇಟ್ಟು ಬೆನ್ನಿಗೆ ಹಾಕಿಕೊಂಡರೆ ಶಾಲೆಯಿಂದ ಕೊಟ್ಟಿಗೆಗೆ ಐದು ನಿಮಿಷ. ಬೆಲೆ ನಿಮ್ಮದರ ಮೂರನೇ ಒಂದು ಪಾಲು. ಅಗ್ಗವಾದದ್ದನ್ನು ಆರಿಸಿದ್ದಕ್ಕೆ ಸರ್ಕಾರಿ ಕಚೇರಿಯೊಂದು ಕೋಪಿಸಿಕೊಂಡದ್ದನ್ನು ನಮ್ಮ ಹಟ್ಟಿ ಇದೇ ಮೊದಲ ಸಲ ನೋಡುತ್ತಿದೆ.

ಹಾಗೆಂದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದೆವು ಎಂದುಕೊಳ್ಳಬೇಡಿ. ಆರಿಸಲು ನಾಲ್ಕು ಜನ ಬಸ್ಸು ಹತ್ತಿ ಪೇಟೆಗೆ ಹೋದೆವು. ಭುವನಾ ಟೀಚರ್, ಸಂಘದ ಲೆಕ್ಕಪತ್ರ ನೋಡುವ ಚಂದ್ರಣ್ಣ, ಸಂಘದ ಅತಿ ಹಿರಿಯ ಸದಸ್ಯೆ ನಂಜಿ ಹೆತ್ತೆ, ಮತ್ತು ನಾನು. ಹೆತ್ತೆ ಎಂದರೆ ನಮ್ಮಲ್ಲಿ ಅಜ್ಜಿ. ನನ್ನ ಸ್ವಂತ ಅಜ್ಜಿಯಲ್ಲ, ಆದರೆ ನಂಜಿ ಹೆತ್ತೆ ತಾನು ಹಟ್ಟಿಗೆಲ್ಲ ಅಜ್ಜಿ ಎಂದು ತೀರ್ಮಾನಿಸಿ ಎಷ್ಟೋ ವರ್ಷವಾಗಿದೆ. ಅವರನ್ನು ಯಾರೂ ಕರೆದಿರಲಿಲ್ಲ. ಬಸ್ಸಿನಲ್ಲಿ ನೋಡಿದರೆ ಮುಂದಿನ ಸೀಟಿನಲ್ಲಿ ಕೂತಿದ್ದರು.

ಅಂಗಡಿಯಲ್ಲಿ ಒಂದು ಕೋಣೆಗೆ ಕರೆದೊಯ್ದು, ಕಪ್ಪು ಪರದೆ ಎಳೆದು, ಕತ್ತಲು ಮಾಡಿ ತೋರಿಸಿದರು. ಮೊದಲನೆಯದು ಚೆನ್ನಾಗಿತ್ತು. ಎರಡನೆಯದೂ ಚೆನ್ನಾಗಿತ್ತು. ಮೂರನೆಯದೂ. ಡಬ್ಬಿಯ ಮೇಲೆ ಒಂಬತ್ತು ಸಾವಿರ ಲ್ಯೂಮೆನ್ ಬೆಳಕು ಎಂದು ಬರೆದಿದ್ದ ಅತಿ ಅಗ್ಗದ್ದಂತೂ ನಮ್ಮ ಮುಖಗಳಿಗೇ ಬಣ್ಣ ಬಳಿಯಿತು. ಚಂದ್ರಣ್ಣ ಅದನ್ನೇ ಕಟ್ಟಿಕೊಡಿ ಎನ್ನುವಷ್ಟರಲ್ಲಿ ನಂಜಿ ಹೆತ್ತೆ ಎದ್ದು ನಿಂತರು.

“ತಮ್ಮಾ, ಇದ ಹೊರಗ ತಗೊಂಡು ಬಾ.”

“ಪಾಟಿ, ಇದು ಕತ್ತಲಲ್ಲಿ ನೋಡೋ ಮೆಷಿನ್,” ಎಂದರು ಅಂಗಡಿಯವರು, ತಮಿಳಿನಲ್ಲಿ ಅಜ್ಜಿಯನ್ನು ಕರೆಯುವ ಹಾಗೆ.

“ಎಂಗ ಮಕ್ಕ ಹಗಲಲ್ಲಿ ಓದ್ವದು. ಇರುಳಲ್ಲಿ ಇಸ್ಕೂಲು ನಡೆಸುವ ಊರು ಇದ್ದರೆ ಅಲ್ಲಿಗೆ ಮಾರು. ಕತ್ತಲಲ್ಲಿ ಎಮ್ಮೆ ಕೊಂಡವನ ಮನೆಯಲ್ಲಿ ಬೆಳಗಾಗುವಾಗ ಕೋಣ ನಿಂತಿತ್ತು.”

ಚಂದ್ರಣ್ಣನಿಗೆ ನಗು. “ಹಲ್ಲು ಬಿಡಿಸಿ ನೋಡ್ತೀಯಾ ಹೆತ್ತೆ?”

“ಹಲ್ಲು ಇಲ್ಲೆ. ಬಾಲ ನೋಡಿದೆ. ಬಾಲ ಗಿಡ್ಡ,” ಎಂದು ಹೆತ್ತೆ ವೈರನ್ನು ಎತ್ತಿ ತೋರಿಸಿದರು. ಟೀಚರ್ ಅದನ್ನು ಕೂಡಲೇ ಬರೆದುಕೊಂಡರು. ಶಾಲೆಯಲ್ಲಿ ಪ್ಲಗ್ ಇರುವುದು ಬಾಗಿಲ ಹಿಂದೆ.

ಹೀಗೆ ಯಂತ್ರಗಳು ಒಂದೊಂದಾಗಿ ಅಂಗಡಿಯ ಜಗಲಿಗೆ ಬಂದವು. ಹೆತ್ತೆ ತಾನು ಹೊದ್ದಿದ್ದ ಬಿಳಿ ಬಟ್ಟೆ ಬಿಚ್ಚಿ ಎರಡು ಕಂಬಗಳ ನಡುವೆ ಕಟ್ಟಿಸಿದರು. ನಮ್ಮ ಹಟ್ಟಿಯ ಹೆಂಗಸರು ಉಡುವುದು, ಹೊದೆಯುವುದು ಬಿಳಿಯೇ ಆದ್ದರಿಂದ ಪರದೆಗೆ ಬರವಿಲ್ಲ. ಹಗಲು ಬೆಳಕಿನಲ್ಲಿ ಒಂಬತ್ತು ಸಾವಿರದ ಯಂತ್ರ ನೀರು ಮಜ್ಜಿಗೆಯಾಯಿತು. ಆ ಒಂಬತ್ತು ಸಾವಿರ ಬರೀ ಡಬ್ಬಿಯ ಲೆಕ್ಕ, ಆನ್ಸಿ ಎಂಬ ಅಳತೆಯಲ್ಲಿ ಎಷ್ಟು ಎಂದು ಟೀಚರ್ ಕೇಳಿದರು. ಅಂಗಡಿಯವರು ಕನ್ನಡಕ ಒರೆಸಿಕೊಂಡು, ಇನ್ನೂರು ಇರಬಹುದು ಎಂದರು. ಹೆತ್ತೆ ಅವರ ಮುಖ ನೋಡಿದರು. ಸುಮ್ಮನೆ ತಲೆಯಾಡಿಸಿದರು. ಅದು ಬೈಗುಳಕ್ಕಿಂತ ಕೆಟ್ಟದ್ದು.

ಆಮೇಲೆ ಸರಿಯಾದ ಪರೀಕ್ಷೆ ನಡೆಯಿತು. ಟೀಚರ್ ಒಂದು ಭೂಪಟ ಹಾಕಿ, ನನ್ನನ್ನು ಕೊನೆಯ ಬೆಂಚಿನಷ್ಟು ದೂರ, ಎಂದರೆ ರಸ್ತೆಯ ಆಚೆ ಬದಿಗೆ ಕಳಿಸಿದರು. ನನಗೆ ತಮಿಳು ಓದಲು ಬಾರದು, ಆದರೆ ಅಕ್ಷರ ಒಂದಕ್ಕೊಂದು ಅಂಟಿವೆಯೋ ಬಿಡಿಬಿಡಿಯಾಗಿವೆಯೋ ಹೇಳಬಲ್ಲೆ. ಆಮೇಲೆ ನನ್ನ ಫೋನಿನಲ್ಲಿದ್ದ ಚಹಾ ಚಿಗುರಿನ ಫೋಟೋ ಹಾಕಿಸಿದೆವು. ಎರಡು ಎಲೆ, ಒಂದು ಮೊಗ್ಗು. ಒಂದು ಯಂತ್ರದಲ್ಲಿ ಎಲೆ ನೀಲಿಯಾಯಿತು. ಇನ್ನೊಂದರಲ್ಲಿ ನಡುಭಾಗ ಚೊಕ್ಕ, ಅಂಚು ಮಂಕು. ನಾವು ಆರಿಸಿದ ಯಂತ್ರದಲ್ಲಿ ಮೊಗ್ಗಿನ ಮೇಲಿನ ಬೆಳ್ಳಿ ರೋಮ ಕಂಡಿತು. ಎಲೆ ಕೀಳುವವರ ಕಣ್ಣು ಮೊದಲು ಹುಡುಕುವುದು ಅದನ್ನೇ. ಅದರ ಬೆಳಕು ನಿಜವಾದ ಅಳತೆಯಲ್ಲಿ ಸಾವಿರ. ಸಭಾಂಗಣಕ್ಕೆ ಸಾಲದು, ಒಪ್ಪುತ್ತೇನೆ. ಆದರೆ ಚಿತ್ರ ದೊಡ್ಡದಾದಷ್ಟೂ ಬೆಳಕು ತೆಳುವಾಗುತ್ತದೆ, ಹಾಲಿಗೆ ನೀರು ಬೆರೆಸಿದ ಹಾಗೆ. ನಮಗೆ ಬೇಕಾದದ್ದು ಹೆತ್ತೆಯ ಬಟ್ಟೆಯಷ್ಟು ಅಗಲ, ಐದು ಅಡಿ. ಅಷ್ಟಕ್ಕೆ ಅದು ಗಟ್ಟಿ ಹಾಲು. ಕೆಟ್ಟರೆ ರಿಪೇರಿ ಕೊಯಮತ್ತೂರಿನಲ್ಲೇ, ಎರಡು ವರ್ಷ ವಾರಂಟಿ, ವೈರ್ ಉದ್ದ. ಮಾನ್ಯರೇ, ನಿಮ್ಮ ಪಟ್ಟಿ ಮಾಡಿದವರು ಎಷ್ಟು ಯಂತ್ರಗಳನ್ನು ಬೀದಿಗೆ ತಂದು ನೋಡಿದ್ದರು?

ತಿಂಗಳ ಮಟ್ಟಿಗೆ ಅಂಗಡಿಯವರು ಅದನ್ನು ಪರೀಕ್ಷೆಗೆ ಕೊಟ್ಟರು. ಹೆತ್ತೆಯಿಂದ ಬಿಡುಗಡೆಯಾದರೆ ಸಾಕೆಂದೇ ಕೊಟ್ಟರು ಎನ್ನುತ್ತಾರೆ ಚಂದ್ರಣ್ಣ. ಶಾಲೆಯಲ್ಲಿ ಮೂರನೇ ತರಗತಿಯ ಮಕ್ಕಳು ಸಮುದ್ರದ ಪಾಠ ನೋಡಿದರು. ನಿವೇತಾ ಎಂಬ ಎಂಟು ವರ್ಷದ ಹುಡುಗಿ ಬಟ್ಟೆಯ ಹತ್ತಿರ ಹೋಗಿ ನಿಂತು, “ಬೇಗ ಓಡಿಸ್ಬೇಡಿ ಟೀಚರ್, ಅಲೆ ಎಣಿಸ್ತಾ ಇದ್ದೇನೆ” ಎಂದಳು. ಆ ಪಾಠ ಎರಡು ದಿನ ನಡೆಯಿತು.

ಗುರುವಾರ ಸಂಘದ ಸಭೆಯಲ್ಲಿ ನಾನು ಎರಡು ಫೋಟೋ ತೋರಿಸಬೇಕಿತ್ತು. ಒಂದೇ ಹೊತ್ತಿಗೆ ಕಿತ್ತ ಎಲೆ. ಅರ್ಧ ಬಲೆಚೀಲದಲ್ಲಿ, ಅರ್ಧ ಪ್ಲಾಸ್ಟಿಕ್ ಗೋಣಿಯಲ್ಲಿ ತುರುಕಿದ್ದು, ಎರಡು ಗಂಟೆಯ ನಂತರ ತೆಗೆದ ಫೋಟೋಗಳು. ಗೋಣಿಯ ಎಲೆ ಬೆಂದು ಕೆಂಪಾಗಿತ್ತು. ಟೀಚರ್ ವಿವರಿಸುತ್ತಾರೆ ಎಂದುಕೊಂಡಿದ್ದೆ, ಅವರಿಗೆ ಎಲೆ ಗೊತ್ತಿಲ್ಲ. ಹಿಂದೆ ಗೋಡೆಗೆ ಒರಗಿ ನಿಂತು ನಾನೇ ಶುರು ಮಾಡಿದೆ. ಆಗ ಒಂದು ಸಂಗತಿ ಗೊತ್ತಾಯಿತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಹದಿನೈದು ಹೆಂಗಸರೂ ಬಟ್ಟೆಯನ್ನೇ ನೋಡುತ್ತಿದ್ದರು. ನನ್ನ ಮಾತು ಅವರ ಬೆನ್ನ ಹಿಂದಿನಿಂದ ಬರುತ್ತಿತ್ತು, ಅಷ್ಟೇ. ಕಾಲು ಗಂಟೆ ಮಾತಾಡಿದೆ. ಮುಗಿದಾಗ ನಂಜಿ ಹೆತ್ತೆ ಕತ್ತು ತಿರುಗಿಸಿ, “ಕೂಸೇ, ಇಷ್ಟು ಮಾತ ಎಲ್ಲಿ ಬಚ್ಚಿಟ್ಟಿದ್ದೆ?” ಎಂದರು. ಮರುವಾರ ಹಟ್ಟಿಯಲ್ಲಿ ಗೋಣಿಚೀಲ ಕಾಣಲಿಲ್ಲ. ಹೋಟೆಲಿನವರು ಬಂದಾಗ ಎಲೆ ಕೀಳುವುದು, ಬಾಡಿಸುವುದು, ಕೈಯಲ್ಲಿ ಉಜ್ಜುವುದು, ಒಣಗಿಸುವುದು, ಎಲ್ಲವನ್ನೂ ಚಿತ್ರ ಹಾಕಿ ನಾನೇ ಹೇಳಬೇಕೆಂದು ಸಂಘ ತೀರ್ಮಾನಿಸಿತು. ಅವರು ಒಪ್ಪಿದರೆ ಹದಿನೈದು ಮನೆಯ ಚಹಾ ನೇರವಾಗಿ ಅವರಿಗೆ ಹೋಗುತ್ತದೆ. ಬೆಳಗುವ ಬಟ್ಟೆಯೊಂದು ಎದುರಿಗಿದ್ದರೆ ನಾನು ಹೇಳಬಲ್ಲೆ. ಇಲ್ಲದಿದ್ದರೆ ಅವರು ನನ್ನನ್ನು ನೋಡುತ್ತಾರೆ, ನಾನು ನನ್ನ ಕಾಲ್ಬೆರಳು ನೋಡುತ್ತೇನೆ. ಹಾಗೆ ಚಹಾ ಮಾರಿದವರನ್ನು ನಾನು ಕೇಳಿಲ್ಲ.

ಈಗ ನೀವು ಬಂದ ದಿನಕ್ಕೆ ಬರೋಣ. ಅಂದು ಬೆಳಗಿನಿಂದ ಮಂಜು. ಶಾಲೆಯ ಕಿಟಕಿಯ ಒಂದು ಗಾಜು ಒಡೆದಿರುವುದರಿಂದ (ಅದರ ಅರ್ಜಿಯೂ ನಿಮ್ಮ ಕಟ್ಟಡದಲ್ಲೇ ಎಲ್ಲೋ ಇದೆ) ಮಂಜು ನೇರವಾಗಿ ಒಳಗೆ ಬರುತ್ತಿತ್ತು. ನೀವು ಮಫ್ಲರ್ ಸುತ್ತಿಕೊಂಡು ಮುಂದಿನ ಬೆಂಚಿನಲ್ಲಿ ಕೂತಿರಿ. ಟೀಚರ್ ಗ್ರಹಗಳ ಪಾಠ ಹಾಕಿದರು. ಮಕ್ಕಳು, ನೀವು, ಚಾಲಕರು, ಎಲ್ಲರೂ ಬಟ್ಟೆಯನ್ನೇ ನೋಡುತ್ತಿದ್ದಿರಿ. ಯಂತ್ರವನ್ನು ನೋಡುತ್ತಿದ್ದವರು ನಂಜಿ ಹೆತ್ತೆ ಒಬ್ಬರೇ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಅದು ಸಣ್ಣಗೆ ನಡುಗುತ್ತ ಗುಂಯ್‌ಗುಡುತ್ತಿತ್ತು. ಹೆತ್ತೆ ಅದರ ಮಗ್ಗುಲಿಗೆ ಕೈ ಹಿಡಿದು ನೋಡಿದರು. ಬಿಸಿ ಉಸಿರು.

ನಮ್ಮ ಹಟ್ಟಿಯಲ್ಲಿ ಹೊಸದಾಗಿ ಬಂದದ್ದಕ್ಕೆಲ್ಲ ಮೊದಲು ಕಂಬಳಿ ಹೊದಿಸುತ್ತಾರೆ. ಎಮ್ಮೆಗರು ಹುಟ್ಟಿದರೆ ಕಂಬಳಿ, ಬಾಣಂತಿಗೆ ಕಂಬಳಿ, ಬಿತ್ತನೆ ಆಲೂಗಡ್ಡೆಗೂ ಕಂಬಳಿ. ನಡುಗುವ ಮೈ, ಬಿಸಿಯಾದ ಉಸಿರು ಎಂದರೆ ಯಾವುದೇ ಜೀವಕ್ಕಾದರೂ ಚಳಿಜ್ವರ ಎಂದೇ ಅರ್ಥ. ಒಂಬತ್ತನೇ ನಿಮಿಷಕ್ಕೆ ಹೆತ್ತೆ ತಮ್ಮ ಕಂಬಳಿ ತೆಗೆದು, ಮುಂದಿನ ಕಣ್ಣೊಂದನ್ನು ಬಿಟ್ಟು ಉಳಿದ ಮೈಗೆಲ್ಲ ಅಚ್ಚುಕಟ್ಟಾಗಿ ಸುತ್ತಿದರು. ಗಾಳಿಯಾಡುವ ಕಿಂಡಿಗಳೆಲ್ಲ ಮುಚ್ಚಿದವು. ಹನ್ನೊಂದನೇ ನಿಮಿಷಕ್ಕೆ ಅದು ಕಾದು, ತನ್ನನ್ನು ತಾನು ಕಾಪಾಡಿಕೊಳ್ಳಲು ಆರಿಹೋಯಿತು. ಶನಿಗ್ರಹ ಅರ್ಧ ಬಂದಿತ್ತು.

“ಇಷ್ಟೇನಾ?” ಎಂದಿರಿ ನೀವು. ದೀಪ ಹಾಕುವಷ್ಟರಲ್ಲಿ ಹೆತ್ತೆ ಕಂಬಳಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡಾಗಿತ್ತು. ಟೀಚರಿಗೆ ಏನಾಯಿತೆಂದು ತಿಳಿಯಲಿಲ್ಲ, ಚಂದ್ರಣ್ಣ ಪ್ಲಗ್ ಅಲ್ಲಾಡಿಸಿದರು. ನೀವು ಬರೆದುಕೊಂಡಿರಿ. ಆಮೇಲೆ ಸಂಘದ ಹೆಂಗಸರು ತಾವೇ ಉಜ್ಜಿ ಮಾಡಿದ ಚಹಾ ಕೊಟ್ಟರು. ಇದು ಯಾವ ಕಂಪನಿಯದು ಎಂದು ಕೇಳಿ, ಎರಡನೇ ಲೋಟವನ್ನೂ ಕುಡಿದಿರಿ. ನಿಮ್ಮ ವರದಿಯಲ್ಲಿ ಚಹಾದ ಬಗ್ಗೆ ಒಂದು ಸಾಲೂ ಇಲ್ಲ. ನೀವು ಹೋಗಿ ಕಾಲು ಗಂಟೆಗೆ ಯಂತ್ರ ತಣಿದು, ಏನೂ ಆಗಿಲ್ಲವೆಂಬಂತೆ ಹತ್ತಿಕೊಂಡಿತು. ಅಂದಿನಿಂದ ಇಂದಿನವರೆಗೆ ಒಮ್ಮೆಯೂ ನಿಂತಿಲ್ಲ.

ಕಂಬಳಿಯಿಂದಲೇ ಯಂತ್ರ ನಿಂತಿತು ಎಂದು ಹೆತ್ತೆಗೆ ತಿಳಿಸಿದಾಗ ಅವರು ಕಂಬಳಿಯನ್ನು ತಿರುಗಿಸಿ ನೋಡಿದರು. “ಜ್ವರ ಅಂತ ನೆನೆಸಿದೆ. ಅದಕ್ಕೆ ಚಳಿಯೇ ಒಳ್ಳೇದು ಅಂತ ಯಾರು ಹೇಳಿದರು?” ಎಂದರು. ಆಮೇಲೆ, “ಆ ಸಾರ್ ಮಫ್ಲರ್ ಸುತ್ತಿದ್ದ. ಅವನಿಗೆ ಹೊದಿಸಬೇಕಿತ್ತು” ಎಂದರು.

ಈಗ ನನ್ನ ವಾದ ಕೇಳಿ. ಬಾಯಿಮೂಗು ಮುಚ್ಚಿದರೆ ಯಾರು ತಾನೇ ಹನ್ನೊಂದು ನಿಮಿಷಕ್ಕಿಂತ ಹೆಚ್ಚು ಕೆಲಸ ಮಾಡುತ್ತಾರೆ? ನಿಮ್ಮ ಪಟ್ಟಿಯ ಯಂತ್ರಕ್ಕೂ ಕಂಬಳಿ ಹೊದಿಸಿ ನೋಡಿ. ನಿಂತದ್ದು ಯಂತ್ರದ ದೋಷವಲ್ಲ, ಬುದ್ಧಿ. ಸುಟ್ಟುಹೋಗದೆ ನಿಂತಿತಲ್ಲ, ಅದನ್ನೇ ನೀವು ‘ಸೂಕ್ತ’ ಎಂದು ಬರೆಯಬೇಕಿತ್ತು. ಅಜ್ಜಿಯ ಅಕ್ಕರೆಯನ್ನೂ ತಾಳಿಕೊಂಡು ಬದುಕಿದ ಯಂತ್ರ ನಮ್ಮ ಮಕ್ಕಳನ್ನು ತಾಳಲಾರದೇ?

ಆದರೆ ತಪ್ಪಿಲ್ಲ ಎಂದು ಪತ್ರ ಮುಗಿಸಿದರೆ ಅದು ಪೂರ್ತಿ ಸತ್ಯವಾಗುವುದಿಲ್ಲ. ತಪ್ಪೊಂದು ಇದೆ, ಅದು ಹೆತ್ತೆಯದಲ್ಲ. ಬಟ್ಟೆಯನ್ನು ನೋಡದೆ ಇದ್ದವರು ಹೆತ್ತೆ ಒಬ್ಬರೇ ಎಂದು ಮೇಲೆ ಬರೆದೆನಲ್ಲ, ಅದು ಸರಿಯಲ್ಲ. ನಾನು ಹಿಂದೆ ಗೋಡೆಗೆ ಒರಗಿ ಹೆತ್ತೆಯನ್ನು ನೋಡುತ್ತಿದ್ದೆ. ಕಂಬಳಿ ಬಿಚ್ಚಿದ್ದು ಕಂಡೆ. ಸುತ್ತಿದ್ದು ಕಂಡೆ. ಕಿಂಡಿ ಮುಚ್ಚಬಾರದು ಎಂಬ ಚಿತ್ರ ಪುಸ್ತಕದ ಎರಡನೇ ಪುಟದಲ್ಲೇ ಇದೆ, ಚಿತ್ರ ಓದಲು ಭಾಷೆ ಬೇಕಿಲ್ಲ. “ಹೆತ್ತೆ, ತೆಗೆ” ಎಂದಿದ್ದರೆ ಸಾಕಿತ್ತು. ಆದರೆ ಕೋಣೆಯಲ್ಲಿ ನೀವಿದ್ದಿರಿ. ಮಾತಾಡಿದರೆ ಎಲ್ಲರೂ ತಿರುಗುತ್ತಾರೆ. ಎರಡು ನಿಮಿಷ ಬಾಯಿಯೊಳಗೇ ಆ ಎರಡು ಪದ ಇಟ್ಟುಕೊಂಡು ನಿಂತೆ. ಆ ಎರಡು ನಿಮಿಷಕ್ಕೆ ಹದಿನೈದು ಹೆಂಗಸರು, ಇಪ್ಪತ್ತಮೂರು ಮಕ್ಕಳು ದಂಡ ತೆರುವುದು ಬೇಡ. ಅದಕ್ಕೇ ಈಗ ಸಾವಿರಾರು ಜನ ಓದುವ ಕಡೆ ಹೇಳುತ್ತಿದ್ದೇನೆ. ನೋಡಿ, ಇದನ್ನು ಓದುವಾಗಲೂ ಅವರೆಲ್ಲ ಅಕ್ಷರ ನೋಡುತ್ತಾರೆ, ನನ್ನನ್ನಲ್ಲ.

ನನ್ನ ಬೇಡಿಕೆ ಇಷ್ಟು. ತಿಂಗಳು ಮುಗಿಯುವ ಮೊದಲು ಇನ್ನೊಮ್ಮೆ ಬನ್ನಿ. ಮಧ್ಯಾಹ್ನ ಹನ್ನೆರಡಕ್ಕೇ ಬನ್ನಿ, ಕಿಟಕಿ ತೆರೆದಿರುತ್ತದೆ. ಸಾಧ್ಯವಿದ್ದರೆ ನಿಮ್ಮ ಪಟ್ಟಿಯ ಯಂತ್ರವನ್ನೂ ಹೊರಿಸಿಕೊಂಡು ಬನ್ನಿ. ಮೇಲಿನ ಬಸ್ ನಿಲ್ದಾಣದಿಂದ ಶಾಲೆಗೆ ನೂರಾ ಎಂಟು ಮೆಟ್ಟಿಲು. ಎರಡನ್ನೂ ಒಂದೇ ಬಟ್ಟೆಯ ಮೇಲೆ ಹಾಕೋಣ. ಫ್ಯಾಕ್ಟರಿ ಫ್ಯಾನ್ ಹಾಕುವವರೆಗೆ ಕಾಯೋಣ. ಆಮೇಲೆ ‘ಸೂಕ್ತವಲ್ಲ’ ಎಂಬಲ್ಲಿ ಕೊನೆಯ ಎರಡು ಅಕ್ಷರ ಹೊಡೆದುಹಾಕಿ ಸಹಿ ಮಾಡಿ. ನಂಜಿ ಹೆತ್ತೆ ಈ ಸಲ ಕಂಬಳಿ ನಿಮಗಾಗಿಯೇ ತರುತ್ತೇನೆ ಎಂದಿದ್ದಾರೆ. ಅಭ್ಯಾಸಬಲದಿಂದ ಅದು ಮತ್ತೆ ಯಂತ್ರದ ಕಡೆ ಹೋದರೆ ನಾನು ಕೂಗುತ್ತೇನೆ. ನೀವೆಲ್ಲ ತಿರುಗಿ ನೋಡಿದರೂ ಕೂಗುತ್ತೇನೆ.

ಇಂತಿ,
ಎರಡು ಪದ ಆಡಬೇಕಾದಲ್ಲಿ ಸುಮ್ಮನಿದ್ದು, ಈಗ ಇಷ್ಟುದ್ದ ಬರೆಯಬೇಕಾಗಿ ಬಂದ
ಸುಗನ್ಯಾ
(ಹಿಂದಿನ ಗೋಡೆಗೆ ಒರಗಿ ನಿಂತಿದ್ದವಳು)